ಕೆನಡಾ ಎಕ್ಸ್‌ಪ್ರೆಸ್ ಎಂಟ್ರಿ: 67 ಅಂಕ ದಾಟಿದ ಮೇಲಿನ ಲೆಕ್ಕ

ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ಅರ್ಜಿ ಹಾಕಬೇಕೆಂದು ವಿಚಾರಿಸಲು ಹೋದವರಿಗೆ ಮೊದಲು ಕೇಳಿಸುವ ಸಂಖ್ಯೆ 67. ‘ನಿಮಗೆ 67 ಬರುತ್ತೆ ಸಾರ್, ಆಗೇ ಆಗುತ್ತೆ’ ಅಂತ ಏಜೆಂಟರು ಹೇಳಿ, ಮುಂಗಡ ಇಸಿದುಕೊಂಡು ಕಳಿಸುತ್ತಾರೆ. ಅವರು ಹೇಳಿದ ಸಂಖ್ಯೆ ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಸಿಇಟಿ ಬರೆದವರಿಗೆ ಇದು ಬೇಗ ಅರ್ಥವಾಗುತ್ತದೆ: ಪಿಯುಸಿ ಪಾಸಾಗಿರುವುದು ಅರ್ಹತೆ, ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಕೆನಡಾದಲ್ಲೂ ಹಾಗೆಯೇ ಎರಡು ಬೇರೆ ಬೇರೆ ಅಂಕಪಟ್ಟಿ ಇವೆ. 100ಕ್ಕೆ 67 ಬಂದರೆ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ ಹೆಸರು ನೋಂದಾಯಿಸಬಹುದು. ಅಲ್ಲಿಂದ ಮುಂದೆ 1200 ಅಂಕಗಳ ಸಿಆರ್‌ಎಸ್ ಎಂಬ ಇನ್ನೊಂದು ಪಟ್ಟಿಯಲ್ಲಿ ನೀವು ಎಷ್ಟನೆಯವರು ಎಂಬುದರ ಮೇಲೆ ‘ಪಿಆರ್‌ಗೆ ಅರ್ಜಿ ಹಾಕಿ’ ಎಂಬ ಕರೆ ಬರುತ್ತದೆ. 2015ರ ಜನವರಿಯಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ ಕೆಲಸ ಮಾಡುವುದು ಹೀಗೆ. ಕ್ವಿಬೆಕ್ ಪ್ರಾಂತ್ಯದ್ದು ಬೇರೆಯದೇ ವ್ಯವಸ್ಥೆ, ಅದು ಇಲ್ಲಿನ ವಿಷಯವಲ್ಲ.

ಮೊದಲ ಲೆಕ್ಕ: ಅರ್ಹತೆ

ಅಂಕ ಕೂಡಿಸುವ ಮೊದಲು ಮೂರು ಕನಿಷ್ಠ ಷರತ್ತು ನೋಡಿಕೊಳ್ಳಿ. ಇವುಗಳಲ್ಲಿ ಒಂದು ಕೆಟ್ಟರೂ ಅಂಕಕ್ಕೆ ಅರ್ಥವಿಲ್ಲ.

ಒಂದು, ಕಳೆದ 10 ವರ್ಷದೊಳಗೆ ಸಂಬಳ ಪಡೆದು ಮಾಡಿದ ಕನಿಷ್ಠ ಒಂದು ವರ್ಷದ ಅನುಭವ. ವಾರಕ್ಕೆ 30 ಗಂಟೆಯಂತೆ 1,560 ಗಂಟೆ. ಇದು ನಡುವೆ ಕಡಿದಿರಬಾರದು, ಒಂದೇ ವೃತ್ತಿ ಕೋಡ್‌ನಲ್ಲಿರಬೇಕು. ಎಂಟು ತಿಂಗಳು ಒಂದು ಕಂಪನಿ, ಮೂರು ತಿಂಗಳು ಖಾಲಿ, ಮತ್ತೆ ಎಂಟು ತಿಂಗಳು ಇನ್ನೊಂದು ಕಂಪನಿ ಎಂದಾದರೆ ಒಟ್ಟು ಹದಿನಾರು ತಿಂಗಳಿದ್ದರೂ ಈ ಷರತ್ತು ಪೂರೈಸಿದಂತಾಗುವುದಿಲ್ಲ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಲೆಕ್ಕಕ್ಕಿಲ್ಲ.

ಎರಡು, ಆ ಕೆಲಸ ಕೆನಡಾದ ವೃತ್ತಿ ವರ್ಗೀಕರಣದಲ್ಲಿ ಟೀರ್ ಎಂಬ ಕೌಶಲದ ಮಟ್ಟ 0, 1, 2 ಅಥವಾ 3ರಲ್ಲಿರಬೇಕು. ಈ ವರ್ಗೀಕರಣವನ್ನು ಎನ್‌ಒಸಿ ಎನ್ನುತ್ತಾರೆ. ನಮ್ಮ ತಾಲ್ಲೂಕು ಕಚೇರಿಯ ಎನ್‌ಒಸಿಗೂ ಇದಕ್ಕೂ ಸಂಬಂಧವಿಲ್ಲ. 2022ರ ನವೆಂಬರ್ 16ರಿಂದ ಐದಂಕಿಯ ಹೊಸ ಕೋಡ್‌ಗಳು ಜಾರಿಯಲ್ಲಿವೆ: ಸಾಫ್ಟ್‌ವೇರ್ ಎಂಜಿನಿಯರ್ 21231, ಸಾಫ್ಟ್‌ವೇರ್ ಡೆವಲಪರ್ 21232, ನೋಂದಾಯಿತ ನರ್ಸ್ 31301. ನಾಲ್ಕಂಕಿಯ ಕೋಡ್ ಹೇಳುವ ಏಜೆಂಟರ ಹತ್ತಿರ ಇರುವುದು ಹಳೆಯ ಪಟ್ಟಿ. ನಿಮ್ಮ ವಿಸಿಟಿಂಗ್ ಕಾರ್ಡಿನ ಹುದ್ದೆಯ ಹೆಸರು ನೋಡಿ ಕೋಡ್ ಆರಿಸಬೇಡಿ. ಕೋಡ್‌ನ ಕೆಳಗೆ ಬರೆದಿರುವ ಕೆಲಸಗಳ ಪಟ್ಟಿ ಓದಿ, ದಿನವೂ ಮಾಡುವ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ನೋಡಿ. ನಮ್ಮಲ್ಲಿ ‘ಮ್ಯಾನೇಜರ್’ ಎಂಬ ಪದವಿ ಸಲೀಸಾಗಿ ಸಿಗುತ್ತದೆ. ಕೈಕೆಳಗೆ ಯಾರೂ ಇಲ್ಲದ ಮ್ಯಾನೇಜರನ್ನು ವ್ಯವಸ್ಥಾಪಕರ ಕೋಡ್‌ಗೆ ಹಾಕಿದರೆ ಅರ್ಜಿ ಬೀಳುವುದು ಅಲ್ಲೇ.

ಮೂರು, ಇಂಗ್ಲಿಷ್ ಅಥವಾ ಫ್ರೆಂಚಿನ ನಾಲ್ಕೂ ವಿಭಾಗದಲ್ಲಿ (ಆಲಿಸುವಿಕೆ, ಓದು, ಬರಹ, ಮಾತು) ಸಿಎಲ್‌ಬಿ 7. ಸಿಎಲ್‌ಬಿ ಎಂದರೆ ಭಾಷಾಜ್ಞಾನ ಅಳೆಯುವ ಕೆನಡಾದ ಮಾನದಂಡ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಅಂದರೆ ನಾಲ್ಕರಲ್ಲೂ 6.0.

ಇಷ್ಟು ಸರಿಯಿದ್ದರೆ ಕೂಡಿಸಿ. ಭಾಷೆಗೆ 28, ಓದಿಗೆ 25, ಅನುಭವಕ್ಕೆ 15, ವಯಸ್ಸಿಗೆ 12, ಕೆನಡಾದ ಉದ್ಯೋಗದ ಕರಾರಿಗೆ 10, ಹೊಂದಿಕೊಳ್ಳುವ ಸಾಮರ್ಥ್ಯಕ್ಕೆ 10. ಒಬ್ಬರ ಲೆಕ್ಕ ಹಾಕೋಣ: 29 ವರ್ಷ, ಮದುವೆಯಾಗಿಲ್ಲ, ನಾಲ್ಕು ವರ್ಷದ ಬಿಇ, ಐದು ವರ್ಷದ ಅನುಭವ, ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ 8. ವಯಸ್ಸಿಗೆ 12, ಪದವಿಗೆ 21, ಅನುಭವಕ್ಕೆ 13, ಭಾಷೆಗೆ ತಲಾ 5ರಂತೆ 20. ಒಟ್ಟು 66. ಒಂದೇ ಅಂಕ ಕಡಿಮೆ! ಒಂದು ವಿಭಾಗದಲ್ಲಿ ಸಿಎಲ್‌ಬಿ 9 ಬಂದರೆ 67 ಆಗುತ್ತದೆ. ಇಲ್ಲದಿದ್ದರೆ ಆರು ವರ್ಷ ತುಂಬುವ ತನಕ ಕಾಯಬೇಕು, ಆಗ ಅನುಭವಕ್ಕೆ 15 ಸಿಕ್ಕಿ 68 ಆಗುತ್ತದೆ. ವಯಸ್ಸಿನ 12 ಅಂಕ 35ರವರೆಗೆ ಪೂರ್ತಿ ಇರುತ್ತದೆ, ಆಮೇಲೆ ವರ್ಷಕ್ಕೊಂದು ಇಳಿದು 47ಕ್ಕೆ ಸೊನ್ನೆಯಾಗುತ್ತದೆ.

ಹೊಂದಿಕೊಳ್ಳುವ ಸಾಮರ್ಥ್ಯದ ಅಂಕದಲ್ಲಿ ನಮ್ಮವರು ಎಡವುವುದು ನೆಂಟಸ್ತಿಕೆಯ ವಿಷಯದಲ್ಲಿ. ಪೌರತ್ವ ಅಥವಾ ಪಿಆರ್ ಪಡೆದು ಕೆನಡಾದಲ್ಲೇ ವಾಸವಾಗಿರುವ ಅಣ್ಣ, ತಂಗಿ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಣ್ಣನ ಮಗ ಇವರೆಲ್ಲ ನಡೆಯುತ್ತಾರೆ, 5 ಅಂಕ ಸಿಗುತ್ತದೆ. ದೊಡ್ಡಪ್ಪನ ಮಗ ನಮಗೆ ಅಣ್ಣನೇ, ಆದರೆ ಅವರ ಲೆಕ್ಕದಲ್ಲಿ ಅವನು ಕಸಿನ್. ಕಸಿನ್‌ಗೆ ಅಂಕವಿಲ್ಲ. ‘ಬ್ರದರ್’ ಎಂದು ಬರೆದು, ಆಮೇಲೆ ಇಬ್ಬರ ತಂದೆಯ ಹೆಸರು ಬೇರೆ ಬೇರೆ ಎಂದು ಕಂಡರೆ ಅದು ಸುಳ್ಳು ಮಾಹಿತಿ ಎನಿಸಿಕೊಳ್ಳುತ್ತದೆ. ಸುಳ್ಳು ಮಾಹಿತಿಗೆ ಐದು ವರ್ಷದ ನಿಷೇಧವಿದೆ.

ಎರಡನೆಯ ಲೆಕ್ಕ: ರ‍್ಯಾಂಕು

ಸಿಆರ್‌ಎಸ್‌ನಲ್ಲಿ ಒಂಟಿಯಾಗಿ ಅರ್ಜಿ ಹಾಕುವವರಿಗೆ ವಯಸ್ಸಿನ ಗರಿಷ್ಠ ಅಂಕ 110. ಅದು 20ರಿಂದ 29ರವರೆಗೆ ಮಾತ್ರ. 30ಕ್ಕೆ 105, 35ಕ್ಕೆ 77, 40ಕ್ಕೆ 50, 45ಕ್ಕೆ ಸೊನ್ನೆ. ಪದವಿಗೆ 120, ಮಾಸ್ಟರ್ಸ್‌ಗೆ 135, ಪಿಎಚ್‌ಡಿಗೆ 150. ಭಾಷೆಗೆ ಪ್ರತಿ ವಿಭಾಗಕ್ಕೆ ಸಿಎಲ್‌ಬಿ 7ಕ್ಕೆ 17, 8ಕ್ಕೆ 23, 9ಕ್ಕೆ 31, 10 ಮತ್ತು ಮೇಲೆ 34. ಇವುಗಳ ಮೇಲೆ ಓದು ಮತ್ತು ಭಾಷೆ ಜೋಡಿಯಾದರೆ 50ರವರೆಗೆ, ವಿದೇಶಿ ಅನುಭವ ಮತ್ತು ಭಾಷೆ ಜೋಡಿಯಾದರೆ ಇನ್ನೊಂದು 50ರವರೆಗೆ. ಇಲ್ಲಿ ‘ವಿದೇಶ’ ಎಂದರೆ ಕೆನಡಾದ ಹೊರಗೆ, ಅಂದರೆ ನಿಮ್ಮ ಬೆಂಗಳೂರಿನ ಅನುಭವ. ಅದರಲ್ಲಿ ಮೂರು ವರ್ಷವಾದರೆ ಪೂರ್ತಿ ಅಂಕ ಸಿಗುತ್ತದೆ. ಹತ್ತು ವರ್ಷ ದುಡಿದವರಿಗೂ ಅಷ್ಟೇ.

ಈ ಜೋಡಿ ಅಂಕದಲ್ಲೇ ಇಡೀ ಗುಟ್ಟಿರುವುದು. ನಾಲ್ಕೂ ವಿಭಾಗ ಸಿಎಲ್‌ಬಿ 9 ಮುಟ್ಟಿದರೆ ಜೋಡಿ ಅಂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೂರು ಮುಟ್ಟಿ ಒಂದು ಉಳಿದರೂ ಆಗುವುದಿಲ್ಲ. ಮೊದಲಿನ ಎಂಜಿನಿಯರನ್ನೇ ತೆಗೆದುಕೊಳ್ಳಿ. ಐಇಎಲ್‌ಟಿಎಸ್‌ನಲ್ಲಿ ಆಲಿಸುವಿಕೆ 7.5, ಓದು 7.5, ಬರಹ 7.0, ಮಾತು 7.5 ಬಂತು ಎಂದುಕೊಳ್ಳಿ. ಒಟ್ಟಾರೆ ಬ್ಯಾಂಡ್ 7.5, ಮನೆಯಲ್ಲಿ ಸಿಹಿ ಹಂಚುವಂಥದ್ದೇ. ಆದರೆ ಒಟ್ಟಾರೆ ಬ್ಯಾಂಡನ್ನು ಕೆನಡಾ ನೋಡುವುದೇ ಇಲ್ಲ. ಸಿಎಲ್‌ಬಿ 9ಕ್ಕೆ ಓದು, ಬರಹ, ಮಾತಿನಲ್ಲಿ 7.0 ಸಾಕು, ಆಲಿಸುವಿಕೆಯಲ್ಲಿ ಮಾತ್ರ 8.0 ಬೇಕು. 7.5 ಎಂದರೆ ಸಿಎಲ್‌ಬಿ 8. ಹಾಗಾಗಿ ಇವರ ಒಟ್ಟು ವಯಸ್ಸಿಗೆ 110, ಪದವಿಗೆ 120, ಭಾಷೆಗೆ 119, ಜೋಡಿ ಅಂಕ 38 ಸೇರಿ 387. ಆಲಿಸುವಿಕೆ 8.0 ಆಗಿದ್ದರೆ 110, 120, 127, 75 ಸೇರಿ 432. ಆ ವಿಭಾಗದಲ್ಲಿ 40 ಪ್ರಶ್ನೆಗೆ ಸುಮಾರು 35 ಸರಿಯಿದ್ದರೆ 8.0 ಸಿಗುತ್ತದೆ. ಅಂದರೆ 34ಕ್ಕೆ ನಿಂತವರು ಒಂದು ಉತ್ತರಕ್ಕೆ 45 ಅಂಕ ಕಳೆದುಕೊಂಡಿದ್ದಾರೆ. ಅದು ಎಷ್ಟೋ ಸಲ ಬಹುವಚನದ ‘ಎಸ್’ ಬಿಟ್ಟಿದ್ದಕ್ಕೆ, ಇಲ್ಲವೇ ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಹೋದ ಉತ್ತರ. ತಯಾರಿಗೆ ಮೂರು ತಿಂಗಳು ಇಟ್ಟುಕೊಂಡರೆ ಹೆಚ್ಚು ಹೊತ್ತನ್ನು ಆಲಿಸುವಿಕೆಗೇ ಕೊಡಿ.

ಐಇಎಲ್‌ಟಿಎಸ್ ಬುಕ್ ಮಾಡುವಾಗ ಜನರಲ್ ಟ್ರೇನಿಂಗ್ ಆರಿಸಿ. ಅಕಾಡೆಮಿಕ್ ಬರೆದು ಬಂದವರ ಫೀಸು ನೀರಿಗೆ ಹೋದಂತೆ. ಅದರ ಬದಲು ಸೆಲ್‌ಪಿಪ್ ಜನರಲ್ ಎಂಬ ಇಂಗ್ಲಿಷ್ ಪರೀಕ್ಷೆಯೂ ನಡೆಯುತ್ತದೆ, 2024ರ ಜನವರಿ 30ರಿಂದ ಪಿಟಿಇ ಕೋರ್ ಕೂಡ ನಡೆಯುತ್ತದೆ. ಪಿಟಿಇ ಅಕಾಡೆಮಿಕ್ ನಡೆಯುವುದಿಲ್ಲ. ಎರಡು ಸಲ ಬರೆದು, ಇದರಿಂದ ಓದು, ಅದರಿಂದ ಬರಹ ಎಂದು ಆಯ್ದು ಜೋಡಿಸಲಾಗದು. ಫಲಿತಾಂಶಕ್ಕೆ ಎರಡು ವರ್ಷ ಆಯಸ್ಸು. ಹೆಸರು ನೋಂದಾಯಿಸುವ ದಿನ ಮಾತ್ರವಲ್ಲ, ಪಿಆರ್ ಅರ್ಜಿ ಸಲ್ಲಿಸುವ ದಿನವೂ ಅದು ಜೀವಂತವಿರಬೇಕು.

ಗಂಡ ಹೆಂಡತಿಯಲ್ಲಿ ಯಾರ ಹೆಸರಲ್ಲಿ?

ಗಂಡನ ಹೆಸರಲ್ಲೇ ಹಾಕಬೇಕು ಎಂಬ ರೂಢಿ ಇಲ್ಲಿ ದುಬಾರಿಯಾಗುತ್ತದೆ. ಗಂಡನಿಗೆ 36, ಬಿಇ, ಹತ್ತು ವರ್ಷ ಅನುಭವ, ಎಲ್ಲದರಲ್ಲೂ ಸಿಎಲ್‌ಬಿ 8. ಹೆಂಡತಿಗೆ 31, ಎಂಟೆಕ್, ನಾಲ್ಕು ವರ್ಷ ಅನುಭವ, ಎಲ್ಲದರಲ್ಲೂ ಸಿಎಲ್‌ಬಿ 9. ಗಂಡ ಮುಖ್ಯ ಅರ್ಜಿದಾರನಾದರೆ ಒಟ್ಟು 333. ಹೆಂಡತಿಯಾದರೆ 452. ಅದೇ ಮನೆ, ಅದೇ ಕಾಗದಪತ್ರ, 119 ಅಂಕದ ವ್ಯತ್ಯಾಸ. ಆದ್ದರಿಂದ ಇಬ್ಬರೂ ಪರೀಕ್ಷೆ ಬರೆಯಿರಿ, ಇಬ್ಬರ ಪದವಿಯನ್ನೂ ಮೌಲ್ಯಮಾಪನ ಮಾಡಿಸಿ, ಎರಡೂ ರೀತಿ ಲೆಕ್ಕ ಹಾಕಿ. ಐಆರ್‌ಸಿಸಿ, ಅಂದರೆ ಕೆನಡಾದ ವಲಸೆ ಇಲಾಖೆ, ತನ್ನ ತಾಣದಲ್ಲೇ ಲೆಕ್ಕದ ಸಾಧನವನ್ನು ಉಚಿತವಾಗಿ ಇಟ್ಟಿದೆ.

ಕರೆ ಯಾರಿಗೆ ಬರುತ್ತಿದೆ

ಬೆಂಗಳೂರಿನ ಸಾಫ್ಟ್‌ವೇರ್‌ನವರು ನಿಧಾನವಾಗಿ ಓದಬೇಕಾದ ಭಾಗ ಇದು. ಎಲ್ಲ ವಿಭಾಗದವರನ್ನೂ ಒಟ್ಟಿಗೆ ಕರೆಯುವ ಸಾಮಾನ್ಯ ಸುತ್ತು 2025ರಲ್ಲಿ ನಡೆಯಲೇ ಇಲ್ಲ. ಆ ವರ್ಷ ಕರೆ ಹೋದದ್ದು ಕೆನಡಾದಲ್ಲೇ ಕೆಲಸ ಮಾಡಿದವರಿಗೆ, ಪ್ರಾಂತ್ಯಗಳ ನಾಮನಿರ್ದೇಶನ (ಇವರು ನಮಗೆ ಬೇಕು ಎಂದು ಒಂದು ಪ್ರಾಂತ್ಯ ಹೆಸರು ಸೂಚಿಸುವುದು) ಪಡೆದವರಿಗೆ, ಫ್ರೆಂಚ್ ಬಲ್ಲವರಿಗೆ, ಆರೋಗ್ಯ, ಶಿಕ್ಷಣ ಮತ್ತು ಕುಶಲ ಕಸುಬಿನವರಿಗೆ. ವೃತ್ತಿವಾರು ಸುತ್ತುಗಳು 2023ರ ಜೂನ್‌ನಲ್ಲಿ ಶುರುವಾದಾಗ ವಿಜ್ಞಾನ, ತಂತ್ರಜ್ಞಾನದ ಪಟ್ಟಿಯಲ್ಲಿ ಸಾಫ್ಟ್‌ವೇರ್ ಹುದ್ದೆಗಳೂ ಇದ್ದವು. 2025ರ ಫೆಬ್ರವರಿಯಲ್ಲಿ ಪಟ್ಟಿ ಪರಿಷ್ಕರಿಸಿ ಅವನ್ನು ತೆಗೆದರು. ಸೈಬರ್ ಭದ್ರತೆ, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಉಳಿದವು. ಅದೇ ವರ್ಷದ ಮಾರ್ಚ್ 25ರಿಂದ ಉದ್ಯೋಗದ ಕರಾರಿಗೆ ಸಿಗುತ್ತಿದ್ದ 50 ಅಥವಾ 200 ಅಂಕವೂ ಸಿಆರ್‌ಎಸ್‌ನಿಂದ ಹೋಯಿತು. ‘ಜಾಬ್ ಆಫರ್ ಕೊಡಿಸುತ್ತೇವೆ, ಅಂಕ ಏರುತ್ತದೆ’ ಎಂದು ಈಗಲೂ ಹಣ ಕೇಳುವವರು ಇಲ್ಲದ ಅಂಕವನ್ನು ಮಾರುತ್ತಿದ್ದಾರೆ. ಕರಾರಿನ ಅಂಕ ಉಳಿದಿರುವುದು 67ರ ಪಟ್ಟಿಯಲ್ಲಿ ಮಾತ್ರ.

ಹಾಗಾದರೆ 432 ಇರುವ ಎಂಜಿನಿಯರ್ ಏನು ಮಾಡಬೇಕು?

ಫ್ರೆಂಚ್ ಕಲಿಯುವುದು ಕಷ್ಟ, ಆದರೆ ಯಾರ ಕೃಪೆಯೂ ಬೇಕಿಲ್ಲದ ದಾರಿ ಅದೊಂದೇ. ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ ಏಳನೆಯ ಹಂತ ಮುಟ್ಟಿದರೆ ಎರಡನೆಯ ಭಾಷೆಗೆ 12, ಅದರ ಮೇಲೆ ಹೆಚ್ಚುವರಿ 50, ಒಟ್ಟು 62 ಏರುತ್ತದೆ. 432 ಇದ್ದದ್ದು 494 ಆಗುತ್ತದೆ. ಜೊತೆಗೆ ಫ್ರೆಂಚ್ ಸುತ್ತಿಗೂ ಅರ್ಹತೆ ಬರುತ್ತದೆ. ಆ ಸುತ್ತಿನ ಕಟಾಫ್ 2025ರ ಮಾರ್ಚ್ 21ರಂದು 379ಕ್ಕೆ ಇಳಿದಿತ್ತು, ಆಗಸ್ಟ್‌ನಲ್ಲಿ 481 ಆಗಿತ್ತು. ಕೆನಡಾ ಅನುಭವದವರ ಸುತ್ತು ಅದೇ ವರ್ಷ 500ರ ಕೆಳಗೆ ಬರಲೇ ಇಲ್ಲ. ಆದರೆ ಏಳನೆಯ ಹಂತವೆಂದರೆ ‘ಬೊಂಜೂರ್’ ಮಟ್ಟದ್ದಲ್ಲ, ಯುರೋಪಿನ ಮಾನದಂಡದ ಬಿ2 ಹತ್ತಿರದ್ದು. ಅಕ್ಷರದಿಂದ ಶುರುಮಾಡುವವರು ಕೆಲಸದ ಜೊತೆಗೆ ಒಂದು ವರ್ಷವಾದರೂ ಲೆಕ್ಕ ಹಿಡಿಯಬೇಕು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಜ್‌ನಲ್ಲಿ ಹಂತಹಂತದ ತರಗತಿಗಳಿವೆ.

ಪ್ರಾಂತ್ಯದ ನಾಮನಿರ್ದೇಶನ ಸಿಕ್ಕಿದರೆ ಒಂದೇ ಏಟಿಗೆ 600 ಅಂಕ. ಆಮೇಲೆ ಕರೆ ಬಂದಂತೆಯೇ. ಆದರೆ ಫೆಡರಲ್ ಸರ್ಕಾರ ಈ ಕಾರ್ಯಕ್ರಮದ ಗುರಿಯನ್ನು 2024ರ 1,10,000ದಿಂದ 2025ಕ್ಕೆ 55,000ಕ್ಕೆ ಇಳಿಸಿದ ಮೇಲೆ ಪ್ರಾಂತ್ಯಗಳು ತಮ್ಮ ನೆಲದಲ್ಲಿ ಈಗಾಗಲೇ ಇರುವವರತ್ತಲೇ ವಾಲಿವೆ. ಹೆಸರು ನೋಂದಾಯಿಸುವಾಗ ಪ್ರಾಂತ್ಯಗಳ ಆಸಕ್ತಿಯ ಜಾಗದಲ್ಲಿ ಒಂದನ್ನೇ ಗುರುತು ಮಾಡಿ ಕೂರದೆ ಎಲ್ಲವನ್ನೂ ಗುರುತು ಮಾಡುವುದು ಜಾಣತನ. ನರ್ಸುಗಳ ಪರಿಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ. ಅವರಿಗೆ ಪ್ರತ್ಯೇಕ ಸುತ್ತುಗಳಿವೆ. ಪಿಆರ್‌ಗೆ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಬೇಡ, ಹೋದ ಮೇಲೆ ಕೆಲಸಕ್ಕೆ ಬೇಕು. ಕಂಪನಿಯೇ ಆನ್‌ಸೈಟ್ ಎಂದು ಕೆನಡಾಕ್ಕೆ ಕಳಿಸುವ ಅವಕಾಶವಿದ್ದವರು ಬಿಡಬೇಡಿ. ಅಲ್ಲಿ ಒಂದು ವರ್ಷ ಕೆಲಸ ಮಾಡಿದರೆ ಕೆನಡಾ ಅನುಭವದ ವಿಭಾಗ ತೆರೆಯುತ್ತದೆ.

ಕಾಗದಪತ್ರ

ಮೊದಲು ಪದವಿಯ ಮೌಲ್ಯಮಾಪನ, ಇಸಿಎ. ಹೆಚ್ಚಿನವರು ವೆಸ್ ಸಂಸ್ಥೆಗೆ ಹೋಗುತ್ತಾರೆ. ಐಕ್ಯಾಸ್, ಟೊರಾಂಟೊ ವಿಶ್ವವಿದ್ಯಾಲಯದ ಸಿಇಎಸ್ ಕೂಡ ನಡೆಯುತ್ತವೆ. ಫಾರ್ಮಸಿಸ್ಟ್, ವೈದ್ಯ, ಆರ್ಕಿಟೆಕ್ಟ್ ಆಗಿ ಅರ್ಜಿ ಹಾಕುವವರು ಮಾತ್ರ ತಮ್ಮ ವೃತ್ತಿಗೆ ಗೊತ್ತುಮಾಡಿದ ಸಂಸ್ಥೆಯಲ್ಲೇ ಮಾಡಿಸಬೇಕು. ವೆಸ್‌ಗೆ ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದ ನೇರ ಹೋಗಬೇಕು, ನೀವು ಮನೆಯಿಂದ ಕಳಿಸಿದ್ದು ಆಗುವುದಿಲ್ಲ. ಇಡೀ ಪ್ರಕ್ರಿಯೆಯಲ್ಲಿ ನಿಮ್ಮ ಕೈಯಲ್ಲಿಲ್ಲದ ಹಂತ ಇದು, ಹಾಗಾಗಿ ಭಾಷಾ ಪರೀಕ್ಷೆಗಿಂತ ಮೊದಲೇ ಶುರುಮಾಡಿ. ವರದಿಗೆ ಐದು ವರ್ಷ ಆಯಸ್ಸು. ಮಾಸ್ಟರ್ಸ್ ಅಂಕ ಬೇಕಾದವರು ಆ ಪದವಿಯೊಂದನ್ನೇ ಮಾಡಿಸಿದರೆ ಸಾಕು. ‘ಎರಡು ಅಥವಾ ಹೆಚ್ಚು ವಿದ್ಯಾರ್ಹತೆ’ ಎಂದು ಅಂಕ ಕೇಳುವವರು ಎರಡನ್ನೂ ಮಾಡಿಸಬೇಕು.

ನಮ್ಮ ಹೆಸರಿನ ಪದ್ಧತಿ ಇಲ್ಲೆಲ್ಲ ತಕರಾರು ತರುತ್ತದೆ. ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ ಆರ್’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದನೆಯ ಹೆಸರು, ಪಿಎಫ್ ದಾಖಲೆಯಲ್ಲಿ ಇನ್ನೊಂದು. ಎಲ್ಲೆಡೆ ಪಾಸ್‌ಪೋರ್ಟಿನ ಹೆಸರನ್ನೇ ಬಳಸಿ, ಉಳಿದವು ಒಬ್ಬರವೇ ಎಂದು ನೋಟರಿ ಅಫಿಡವಿಟ್ ಮಾಡಿಸಿಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಐಆರ್‌ಸಿಸಿ ಫಾರಂನಲ್ಲಿ ಪೂರ್ತಿ ಹೆಸರನ್ನು ಕುಟುಂಬದ ಹೆಸರಿನ ಜಾಗಕ್ಕೆ ತುಂಬಿ, ಇನ್ನೊಂದನ್ನು ಖಾಲಿ ಬಿಡಬೇಕು. ಅಪ್ಪನ ಹೆಸರನ್ನು ಹುಡುಕಿ ತುಂಬಿಸಬೇಡಿ.

ಎರಡನೆಯದು ಅನುಭವದ ಪತ್ರ. ತಿರಸ್ಕೃತವಾಗುವ ಅರ್ಜಿಗಳಲ್ಲಿ ಎಡವಟ್ಟಾಗಿರುವುದು ಬಹಳ ಸಲ ಇಲ್ಲೇ. ರಿಲೀವಿಂಗ್ ಲೆಟರ್ ಸಾಲದು. ಕಂಪನಿಯ ಲೆಟರ್‌ಹೆಡ್, ವಿಳಾಸ, ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಖು, ವಾರಕ್ಕೆ ಎಷ್ಟು ಗಂಟೆ, ವಾರ್ಷಿಕ ಸಂಬಳ ಮತ್ತು ಸವಲತ್ತು, ಮಾಡುತ್ತಿದ್ದ ಕೆಲಸಗಳ ವಿವರ, ಸಹಿ ಹಾಕಿದವರ ಹೆಸರು, ಹುದ್ದೆ ಎಲ್ಲ ಬೇಕು. ಕೆಲಸಗಳ ವಿವರ ಎನ್‌ಒಸಿ ಪುಟದಿಂದ ಅಕ್ಷರಶಃ ಎತ್ತಿದ್ದಾಗಿರಬಾರದು, ಅಧಿಕಾರಿಗೆ ಆ ಪುಟ ಬಾಯಿಪಾಠವಿರುತ್ತದೆ. ದೊಡ್ಡ ಕಂಪನಿಗಳ ಎಚ್‌ಆರ್ ‘ಕೆಲಸದ ವಿವರ ಬರೆಯುವುದು ನಮ್ಮ ನಿಯಮದಲ್ಲಿಲ್ಲ’ ಎನ್ನುವುದು ಮಾಮೂಲು. ಆಗ ಎಚ್‌ಆರ್ ಕೊಟ್ಟ ಪತ್ರ, ಜೊತೆಗೆ ನಿಮ್ಮ ಮ್ಯಾನೇಜರ್ ಕೆಲಸದ ವಿವರ ಬರೆದು ಸಹಿ ಮಾಡಿದ ನೋಟರಿ ಪತ್ರ, ಅವರು ಅದೇ ಕಂಪನಿಯಲ್ಲಿದ್ದರೆಂಬುದಕ್ಕೆ ಪುರಾವೆ, ನಿಮ್ಮ ಫಾರಂ 16, ಸಂಬಳದ ಚೀಟಿ, ಮತ್ತು ಎಚ್‌ಆರ್ ಯಾಕೆ ಕೊಡಲಿಲ್ಲ ಎಂಬ ವಿವರಣೆಯ ಪತ್ರ ಎಲ್ಲ ಸೇರಿಸಿ. ಎಚ್‌ಆರ್‌ನ ನಿರಾಕರಣೆಯ ಇಮೇಲ್ ಇದ್ದರೆ ಅದನ್ನೂ ಲಗತ್ತಿಸಿ.

ಮೂರನೆಯದು ಹಣ. 2025ರ ಜುಲೈನಲ್ಲಿ ಪ್ರಕಟವಾದ ಮೊತ್ತ ಒಬ್ಬರಿಗೆ 15,263, ಇಬ್ಬರಿಗೆ 19,001, ಮೂವರಿಗೆ 23,360, ನಾಲ್ವರಿಗೆ 28,362 ಕೆನಡಾ ಡಾಲರ್. ಪ್ರತಿ ವರ್ಷ ಇದು ಏರುತ್ತದೆ. ಹೆಂಡತಿ ಮಕ್ಕಳು ಈಗ ಜೊತೆಗೆ ಬರದಿದ್ದರೂ ತಲೆ ಎಣಿಕೆಯಲ್ಲಿ ಸೇರುತ್ತಾರೆ. ಊರಿನ ಜಮೀನು, ಬಿಡಿಎ ಸೈಟು, ಅಮ್ಮನ ಒಡವೆ ಇವು ಯಾವುವೂ ಲೆಕ್ಕಕ್ಕಿಲ್ಲ. ಉಳಿತಾಯ ಖಾತೆ ಮತ್ತು ಎಫ್‌ಡಿ ನಡೆಯುತ್ತವೆ. ಸಾಲದ ಹಣ ಸಲ್ಲದು. ಬ್ಯಾಂಕಿನ ಪತ್ರದಲ್ಲಿ ಖಾತೆ ಸಂಖ್ಯೆ, ಖಾತೆ ತೆರೆದ ದಿನ, ಈಗಿನ ಬಾಕಿ, ಕಳೆದ ಆರು ತಿಂಗಳ ಸರಾಸರಿ ಬಾಕಿ, ಕ್ರೆಡಿಟ್ ಕಾರ್ಡ್ ಮತ್ತು ಸಾಲದ ವಿವರ ಇರಬೇಕು. ಆರು ತಿಂಗಳ ಸರಾಸರಿಯ ಪತ್ರ ಶಾಖೆಯವರಿಗೆ ಹೊಸದಾಗಿರಬಹುದು, ಒಕ್ಕಣೆಯನ್ನು ನೀವೇ ಟೈಪ್ ಮಾಡಿಕೊಂಡು ಹೋಗಿ. ಅಪ್ಪ ಹಿಂದಿನ ವಾರ ಹತ್ತು ಲಕ್ಷ ಹಾಕಿದ್ದರೆ ಅದು ವಾಪಸ್ ಕೇಳದ ಉಡುಗೊರೆ ಎಂಬ ಪತ್ರ, ಅವರ ಖಾತೆಯ ವಿವರ ಜೊತೆಗಿರಲಿ.

ಕರೆ ಬಂದ ಮೇಲೆ

ನೋಂದಣಿ ಒಂದು ವರ್ಷ ಊರ್ಜಿತ. ಕಟಾಫ್ ಅಂಕ ಪಡೆದವರು ಹೆಚ್ಚಿದ್ದರೆ ಮೊದಲು ನೋಂದಾಯಿಸಿದವರಿಗೆ ಆದ್ಯತೆ, ಆದ್ದರಿಂದ ಅಂಕ ಕಡಿಮೆ ಎಂದು ನೋಂದಣಿ ಮುಂದೂಡಬೇಡಿ. ಐಟಿಎ, ಅಂದರೆ ಅರ್ಜಿ ಹಾಕಲು ಕರೆ, ಬಂದ ದಿನದಿಂದ 60 ದಿನ. ಅಷ್ಟರಲ್ಲಿ ಎಲ್ಲ ಸಲ್ಲಿಸಬೇಕು.

ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಸಮಯ ಕಾದಿರಿಸಿ. ಕಳೆದ ಹತ್ತು ವರ್ಷದಲ್ಲಿ ಬೇರೆ ದೇಶದಲ್ಲಿ ಸತತ ಆರು ತಿಂಗಳಿದ್ದರೆ ಅಲ್ಲಿಯದೂ ಬೇಕು. ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಬಂದವರು ಕರೆ ಬರುವ ಮೊದಲೇ ಇದನ್ನು ಹಿಡಿಯಬೇಕು, 60 ದಿನ ಇದಕ್ಕೇ ಸಾಲದು. 2025ರ ಆಗಸ್ಟ್ 21ರಿಂದ ವೈದ್ಯಕೀಯ ಪರೀಕ್ಷೆಯನ್ನೂ ಅರ್ಜಿಗೆ ಮೊದಲೇ ಮಾಡಿಸಬೇಕಾಗಿದೆ. ಐಆರ್‌ಸಿಸಿ ಪಟ್ಟಿಯಲ್ಲಿರುವ ವೈದ್ಯರ ಬಳಿಯೇ ಆಗಬೇಕು, ನಿಮ್ಮ ಫ್ಯಾಮಿಲಿ ಡಾಕ್ಟರ್ ಆಗುವುದಿಲ್ಲ. ಹತ್ತು ವರ್ಷದ ವೈಯಕ್ತಿಕ ವಿವರದಲ್ಲಿ ಒಂದು ತಿಂಗಳೂ ಖಾಲಿ ಬಿಡಬೇಡಿ. ಕೆಲಸವಿಲ್ಲದೆ ಮನೆಯಲ್ಲಿದ್ದ ತಿಂಗಳನ್ನೂ ಹಾಗೆಂದೇ ಬರೆಯಿರಿ.

2024ರ ಏಪ್ರಿಲ್ 30ರಂದು ಜಾರಿಯಾದ ದರದಂತೆ ವಯಸ್ಕರಿಗೆ ತಲಾ 1,525 ಡಾಲರ್, ಬಯೊಮೆಟ್ರಿಕ್ಸ್‌ಗೆ 85. ಎರಡು ವರ್ಷಕ್ಕೊಮ್ಮೆ ದರ ಪರಿಷ್ಕರಿಸುತ್ತಾರೆ, ಕಟ್ಟುವ ದಿನ ನೋಡಿಕೊಳ್ಳಿ. ಇಷ್ಟರ ಹೊರಗೆ ಯಾರಿಗಾದರೂ ದುಡ್ಡು ಕೊಟ್ಟು ಅರ್ಜಿ ಹಾಕಿಸುವುದಿದ್ದರೆ ಆ ವ್ಯಕ್ತಿ ಕೆನಡಾದ ವಕೀಲರಾಗಿರಬೇಕು, ಇಲ್ಲವೇ ಅಲ್ಲಿನ ವಲಸೆ ಸಲಹೆಗಾರರ ‘ಕಾಲೇಜು’ ಎಂಬ ನಿಯಂತ್ರಣ ಸಂಸ್ಥೆಯ ಸದಸ್ಯರಾಗಿರಬೇಕು. ಸದಸ್ಯತ್ವದ ಸಂಖ್ಯೆ ಕೇಳಿ, ಆ ಕಾಲೇಜಿನ ತಾಣದಲ್ಲಿ ಹುಡುಕಿ. ‘ನಿಮ್ಮ ಪಾಸ್‌ವರ್ಡ್ ನಮ್ಮ ಹತ್ತಿರವೇ ಇರಲಿ, ಫಾರಂನಲ್ಲಿ ನಮ್ಮ ಹೆಸರು ಬೇಡ’ ಎನ್ನುವವರ ಕಚೇರಿಯಿಂದ ಎದ್ದು ಬನ್ನಿ.

ಅರ್ಜಿ ಸರಿಯಿದ್ದರೆ ಐಆರ್‌ಸಿಸಿಯ ಗುರಿ ಆರು ತಿಂಗಳು. ನಡುವೆ ಮದುವೆಯಾದರೆ, ಮಗು ಹುಟ್ಟಿದರೆ, ಕೆಲಸ ಬದಲಾದರೆ ತಿಳಿಸಲೇಬೇಕು. ಪಿಆರ್ ಮಂಜೂರಾತಿ ಪತ್ರದ ಮೇಲೆ ಕೊನೆಯ ದಿನಾಂಕವಿರುತ್ತದೆ. ಅದು ಸಾಮಾನ್ಯವಾಗಿ ವೈದ್ಯಕೀಯ ಪರೀಕ್ಷೆಯ ಹನ್ನೆರಡು ತಿಂಗಳ ಅವಧಿಗೋ ಪಾಸ್‌ಪೋರ್ಟ್ ಅವಧಿಗೋ, ಯಾವುದು ಮೊದಲು ಮುಗಿಯುತ್ತದೋ ಅದಕ್ಕೆ ಸೇರಿರುತ್ತದೆ. ಪಾಸ್‌ಪೋರ್ಟಿಗೆ ಒಂದು ವರ್ಷವೇ ಉಳಿದಿದ್ದರೆ ನೋಂದಣಿಗೆ ಮೊದಲೇ ನವೀಕರಿಸಿಕೊಳ್ಳಿ.